ಸ್ಟ್ರೋಕ್ ಆದವರನ್ನು ರಟ್ಟೆ ಹಿಡಿದು ಎತ್ತಬೇಡಿ

ಕಳೆದ ವರ್ಷ ದೊಡ್ಡಪ್ಪನಿಗೆ ಸ್ಟ್ರೋಕ್ ಆಯ್ತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಡಿಸ್ಚಾರ್ಜ್ ಆಗಿ ಮನೆಗೆ ಬಂದ ದಿನ ನಾನೂ ಅಣ್ಣನೂ ಅವರನ್ನು ಹಾಸಿಗೆಯಿಂದ ಎಬ್ಬಿಸಿದ್ದು ಹೇಗೆ ಗೊತ್ತಾ? ಆಳಿಗೊಂದು ರಟ್ಟೆ ಹಿಡಿದು. ಆರು ವಾರ ಕಳೆಯುವಷ್ಟರಲ್ಲಿ ಎಡಭುಜ ಮುಟ್ಟಿದರೆ ಸಾಕು, ಚೀರುತ್ತಿದ್ದರು. ಡಿಸ್ಚಾರ್ಜ್ ಚೀಟಿಯಲ್ಲಿ ಬಿಪಿ ಮಾತ್ರೆಯಿಂದ ಹಿಡಿದು ಉಪ್ಪಿನವರೆಗೆ ಎಲ್ಲ ಇತ್ತು. ಭುಜದ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಾನು ಇಂಜಿನಿಯರಿಂಗ್ ಓದಿದವನು. ಇದು ಮೊದಲ ವರ್ಷದ ಮೆಕ್ಯಾನಿಕ್ಸ್ ಅಂತ ಹೊಳೆದದ್ದು ತಡವಾಗಿ. ಸೊಂಟದ ಕೀಲು ಒರಳಿನಲ್ಲಿ ಕೂತ ಗುಂಡಿನ ಹಾಗೆ, ಭದ್ರ. ಭುಜದ್ದು ಪುಟ್ಟ ತಟ್ಟೆಗೆ ಒರಗಿಸಿಟ್ಟ ನಿಂಬೆಹಣ್ಣು. ಜಾರದಂತೆ ಹಿಡಿದಿರೋದು ಮುಖ್ಯವಾಗಿ ಸುತ್ತಲಿನ ಸ್ನಾಯುಗಳು. ಸ್ಟ್ರೋಕ್ ಆದಾಗ ಅವು ಸಡಿಲವಾಗುತ್ತವೆ. ಒಂದು ತೋಳಿನ ತೂಕ ದೇಹದ ತೂಕದ ಸುಮಾರು ಶೇ. 5. ಅಂದರೆ 60 ಕೆಜಿ ಮನುಷ್ಯನಿಗೆ 3 ಕೆಜಿ. ಅಷ್ಟು ಭಾರ ದಿನವಿಡೀ ಜೋತಾಡುತ್ತಿದ್ದರೆ ಕೀಲು ಕೆಳಕ್ಕೆ ಜಾರಬಹುದು. ಅದರ ಮೇಲೆ ನಮ್ಮ ಎಳೆದಾಟ ಬೇರೆ.

ಹಾಗಾಗಿ ಕೂತಾಗ, ಮಲಗಿದಾಗ ಆ ತೋಳಿನ ಕೆಳಗೆ ದಿಂಬು ಇರಲಿ. ಎಬ್ಬಿಸುವಾಗ ಕೈಯನ್ನಾಗಲಿ ಕಂಕುಳನ್ನಾಗಲಿ ಹಿಡಿಯದೆ, ಸೊಂಟಕ್ಕೆ ಗಟ್ಟಿ ಬೆಲ್ಟ್ ಕಟ್ಟಿ ಅದನ್ನು ಹಿಡಿಯಿರಿ. ಕೈಜೋಳಿಗೆ ನಿಂತಾಗ, ನಡೆಯುವಾಗ ಸರಿ. ಇಡೀ ದಿನ ಹಾಕಿದರೆ ಕೈ ಬಿಗಿದುಕೊಳ್ಳುತ್ತೆ.

ಇನ್ನು ಬಾಗಿಲಿಗೆ ರಾಟೆ ಕಟ್ಟಿ, ಒಳ್ಳೆ ಕೈಯಿಂದ ಸೋತ ಕೈಯನ್ನು ತಲೆ ಮೇಲಕ್ಕೆ ಎಳೆಯುವ ವ್ಯಾಯಾಮ. ನಾವೂ ರಾಟೆ ತಂದಿದ್ದೆವು, ದುಡ್ಡು ಕೊಟ್ಟು! ಆರೋಗ್ಯವಂತರು ಕೈ ಎತ್ತುವಾಗ ಬೆನ್ನಿನ ಹಲಗೆಮೂಳೆಯೂ ಜೊತೆಗೇ ತಿರುಗುತ್ತೆ. ಇಲ್ಲಿ ಅದು ಸರಿಯಾಗಿ ತಿರುಗೋದಿಲ್ಲ, ಎರಡು ಮೂಳೆಗಳ ನಡುವೆ ಸ್ನಾಯುರಜ್ಜು ಸಿಕ್ಕಿಕೊಂಡು ನಜ್ಜಾಗಬಹುದು. ಪಾರ್ಶ್ವವಾಯು ಪುನಶ್ಚೇತನದ ಮಾರ್ಗಸೂಚಿಗಳೇ ಈ ರಾಟೆ ಬೇಡ ಅನ್ನುತ್ತವೆ. ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಿಸೋದು ಫಿಸಿಯೋಥೆರಪಿಸ್ಟ್ ಕೆಲಸ, ಮನೆಯವರ ಪ್ರಯೋಗ ಅಲ್ಲ.

ನೋವು ಶುರುವಾಗಿದ್ದರೆ 'ಸ್ಟ್ರೋಕ್ ಅಂದ್ಮೇಲೆ ಇದ್ದಿದ್ದೇ' ಅಂತ ಬಿಡಬೇಡಿ. ಕಾರಣ ಒಂದೇ ಇರಲ್ಲ. ಬಿಗಿತದಿಂದ ಬಂದ ನೋವಿಗೆ ಬೊಟುಲಿನಮ್ ಚುಚ್ಚುಮದ್ದು ನೆರವಾಗುತ್ತೆ, ಕೀಲಿನ ಉರಿಯೂತಕ್ಕೆ ಕೆಲವರಿಗೆ ಸ್ಟೆರಾಯ್ಡ್ ಚುಚ್ಚುಮದ್ದು. ಅಂಗೈಯೂ ಊದಿ ಬಿಸಿಯಾದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಸ್ಟ್ರೋಕ್ ಬಗ್ಗೆ ನಮ್ಮ ಪ್ರಚಾರವೆಲ್ಲ ಮೊದಲ ನಾಲ್ಕೂವರೆ ಗಂಟೆಯದ್ದು, ಹೆಪ್ಪು ಕರಗಿಸುವ ಇಂಜೆಕ್ಷನ್‌ನದ್ದು. ಅದು ಬೇಕೇ ಬೇಕು. ಆಮೇಲಿನ ತಿಂಗಳುಗಳು ಯಾರ ತಲೆಮೇಲೆ? ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಂಥ ಯೋಜನೆಗಳ ಗಮನ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಯ ಮೇಲೆ. ಮನೆಗೆ ಬಂದಮೇಲೆ ಎತ್ತೋದು, ತೊಳೆಯೋದು, ತಿನ್ನಿಸೋದು ಬಹುಪಾಲು ಹೆಂಡತಿ, ಸೊಸೆ, ಮಗಳ ಪಾಲು. ಸಂಬಳವೂ ಇಲ್ಲ, ತರಬೇತಿಯೂ ಇಲ್ಲ. ಡಿಸ್ಚಾರ್ಜ್‌ಗೆ ಮುಂಚೆ ಅವರನ್ನು ಕೂರಿಸಿ ಅರ್ಧ ಗಂಟೆ ತೋರಿಸಿಕೊಡೋಕೆ ಯಾವ ದುಬಾರಿ ಯಂತ್ರವೂ ಬೇಡ.

ದೊಡ್ಡಪ್ಪನ ನೋವು ಈಗ ಅರ್ಧ ಇಳಿದಿದೆ. ರಾಟೆ ಅಟ್ಟ ಸೇರಿದೆ. ಅಂಗಿ ತೊಡಿಸುವಾಗ ದೊಡ್ಡಮ್ಮ ಎಡಗೈಯನ್ನೇ ಮೊದಲು ತೂರಿಸ್ತಾರೆ, ಬಿಚ್ಚುವಾಗ ಅದನ್ನೇ ಕೊನೆಗೆ.