ಒಡೆದ ಇಲಾಖೆಗೇ ಉಳಿಸುವ ಹೊಣೆ

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಕೊಲಂಬಿಯಾ ನದಿಯ ಕಣಿವೆಯಂಚಿಗೆ ಹಳೆಯ ರಸ್ತೆಯೊಂದಿದೆ. ಅದರ ಮಿಚೆಲ್ ಪಾಯಿಂಟ್ ಎಂಬಲ್ಲಿ ಬಂಡೆ ಕೊರೆದು, ನದಿಯ ಕಡೆಗೆ ಐದು ಕಿಟಕಿಗಳನ್ನಿಟ್ಟು ಕಟ್ಟಿದ್ದ ಸುರಂಗ 1915ರಿಂದ ಪ್ರಸಿದ್ಧವಾಗಿತ್ತು. ಹೊಸ ಹೆದ್ದಾರಿಯನ್ನು ಅಗಲ ಮಾಡಬೇಕೆಂದು 1966ರಲ್ಲಿ ಅದನ್ನು ಒಡೆದುಹಾಕಲಾಯಿತು. ಇಪ್ಪತ್ತೊಂದು ವರ್ಷಗಳ ನಂತರ ರಾಜ್ಯದ ಶಾಸನಸಭೆ ಒಂದು ಕಾನೂನು ಮಾಡಿ, ಆ ರಸ್ತೆಯಲ್ಲಿ ಅಳಿದುಳಿದದ್ದನ್ನು ಕಾಪಾಡುವ ಕೆಲಸವನ್ನು ರಾಜ್ಯದ ಸಾರಿಗೆ ಇಲಾಖೆಗೇ ವಹಿಸಿತು!

ರಸ್ತೆಗೆ ಇಷ್ಟೇಕೆ ಗೌರವ ಎಂಬ ಪ್ರಶ್ನೆ ಸಹಜ. ಇದು ಊರಿನಿಂದೂರಿಗೆ ಬೇಗ ತಲುಪಲೆಂದು ಮಾತ್ರ ಹಾಕಿದ ರಸ್ತೆಯಲ್ಲ. ಇದರ ಬೆನ್ನಿಗೆ ನಿಂತ ಉದ್ಯಮಿ ಸ್ಯಾಮ್ಯುಯೆಲ್ ಹಿಲ್ ಮತ್ತು ಎಂಜಿನಿಯರ್ ಸ್ಯಾಮ್ಯುಯೆಲ್ ಲ್ಯಾಂಕಾಸ್ಟರ್ 1908ರಲ್ಲಿ ಪ್ಯಾರಿಸ್ಸಿನ ರಸ್ತೆ ಸಮ್ಮೇಳನಕ್ಕೆ ಹೋಗಿ, ಯುರೋಪಿನ ಬೆಟ್ಟದ ದಾರಿಗಳನ್ನು ನೋಡಿಬಂದವರು. ಲ್ಯಾಂಕಾಸ್ಟರ್ ಮೊದಲು ಜಲಪಾತಗಳನ್ನು, ಕಣಿವೆ ಕಾಣುವ ತಾಣಗಳನ್ನು ಗುರುತಿಸಿಕೊಂಡು ಆಮೇಲೆ ಅವುಗಳ ನಡುವೆ ರಸ್ತೆ ಎಳೆದರು. 620 ಅಡಿ ಎತ್ತರದ ಮಲ್ಟ್‌ನೋಮಾ ಜಲಪಾತವೂ ಈ ದಾರಿಯ ಮಗ್ಗುಲಲ್ಲೇ ಇದೆ. ಏರು ಎಷ್ಟೇ ಕಡಿದಾಗಿರಲಿ, ನೂರು ಅಡಿ ದೂರಕ್ಕೆ ಐದು ಅಡಿಗಿಂತ ಹೆಚ್ಚು ಹತ್ತಬಾರದೆಂಬ ನಿಯಮವನ್ನು ಅವರು ಪಾಲಿಸಿದರು. ಇದರಿಂದಾಗಿ ರಸ್ತೆ ಹಾವಿನಂತೆ ಸುತ್ತಿ ಸುತ್ತಿ ಇಳಿಯುತ್ತದೆ. 1913ರಲ್ಲಿ ಆರಂಭವಾದ ಕಾಮಗಾರಿ 1922ರಲ್ಲಿ ಮುಗಿದಾಗ ಟ್ರೌಟ್‌ಡೇಲ್‌ನಿಂದ ದಿ ಡ್ಯಾಲ್ಸ್‌ವರೆಗೆ ಸುಮಾರು 74 ಮೈಲಿ ಸಿದ್ಧವಾಗಿತ್ತು.

ಫೋರ್ಡ್ ಕಾರಿನ ಕಾಲಕ್ಕೆ ಸೊಗಸಾಗಿದ್ದ ತಿರುವುಗಳು ಲಾರಿಗಳ ಕಾಲಕ್ಕೆ ತೊಡಕಾದವು. ನದಿಯ ಮಟ್ಟದಲ್ಲಿ ನೇರ ಹೆದ್ದಾರಿ ಬಂತು. ಹಳೆಯ ರಸ್ತೆ ಕೆಲವೆಡೆ ಅದರಡಿ ಹೂತುಹೋಯಿತು, ಕೆಲವೆಡೆ ಪಾಳುಬಿತ್ತು. ಮೋಸಿಯರ್ ಬಳಿಯ ಜೋಡಿ ಸುರಂಗಗಳಿಗೆ ಕಲ್ಲು ತುಂಬಿ ಮುಚ್ಚಲಾಯಿತು.

ಕೇಂದ್ರದ ಕಾಂಗ್ರೆಸ್ 1986ರಲ್ಲಿ ಈ ಕಣಿವೆಯನ್ನು ರಾಷ್ಟ್ರೀಯ ರಮ್ಯ ಪ್ರದೇಶವೆಂದು ಘೋಷಿಸಿತು. ಅದರ ಬೆನ್ನಲ್ಲೇ ಬಂದದ್ದು ಆರೆಗಾನಿನ 1987ರ ಕಾನೂನು. ಬಳಕೆಗೆ ಯೋಗ್ಯವಾದ ತುಂಡುಗಳನ್ನು ವಾಹನಗಳಿಗೆ ಉಳಿಸುವುದು, ಕೈಬಿಟ್ಟ ತುಂಡುಗಳನ್ನು ಕಾಲುದಾರಿಯಾಗಿ ಜೋಡಿಸುವುದು ಅದರ ತಿರುಳು. ಮೇಲ್ವಿಚಾರಣೆಗೆ ಒಂದು ಸಲಹಾ ಸಮಿತಿಯೂ ಹುಟ್ಟಿತು. ಅದರಲ್ಲಿ ಕಣಿವೆಯ ಕೌಂಟಿಗಳ ನಾಗರಿಕರೂ ಇಲಾಖೆಗಳ ಪ್ರತಿನಿಧಿಗಳೂ ಒಟ್ಟಿಗೆ ಕೂರುತ್ತಾರೆ. ಹೆಸರೇ ಹೇಳುವಂತೆ ಸಮಿತಿಯದು ಸಲಹೆ ಮಾತ್ರ, ಅಪ್ಪಣೆಯಲ್ಲ. ಆದರೂ ಇಲಾಖೆ ಸದ್ದಿಲ್ಲದೆ ಏನನ್ನೂ ಕೆಡವುವಂತಿಲ್ಲ ಎನ್ನುವುದೇ ದೊಡ್ಡ ಲಾಭವೆನ್ನಬೇಕು.

ನಿಜವಾದ ಜಗ್ಗಾಟವಿರುವುದು ಸಣ್ಣ ಸಂಗತಿಗಳಲ್ಲಿ. ಹಳೆಯ ರಸ್ತೆಯ ಅಂಚಿಗಿದ್ದ ಬಿಳಿ ಬಣ್ಣದ ಮರದ ಕಟಕಟೆ ನೋಡಲು ಚೆಂದ. ಇಂದಿನ ಕಾರು ಗುದ್ದಿದರೆ ತಡೆಯಲಾರದು. ಹೆದ್ದಾರಿಗಳಲ್ಲಿರುವ ಲೋಹದ ತಗಡು ಹಾಕಿದರೆ ಸುರಕ್ಷತೆಯೇನೋ ಸಿಗುತ್ತದೆ, ರಸ್ತೆಯ ಚಹರೆ ಹೋಗುತ್ತದೆ. ಕೊನೆಗೆ ಮುಂದೆ ಮರ, ಹಿಂದೆ ಉಕ್ಕು ಇರುವ ಕಟಕಟೆಯನ್ನು ರೂಪಿಸಲಾಯಿತು. ಜನಪ್ರಿಯತೆಯ ತೊಂದರೆಯೂ ಇದೆ. ಜಲಪಾತಗಳ ಬಳಿ ಕಾರುಗಳ ಸಾಲು ಬೆಳೆದು 2022ರ ಬೇಸಿಗೆಯಲ್ಲಿ ಸಮಯ ನಿಗದಿಪಡಿಸಿದ ಪರವಾನಗಿ ಕೊಡಬೇಕಾಯಿತು. ನೋಡಲೆಂದೇ ಕಟ್ಟಿದ ರಸ್ತೆಗೆ ನೋಡುವವರೇ ಭಾರ!

ಮೋಸಿಯರ್ ಸುರಂಗಗಳ ಕಲ್ಲು ತೆಗೆದು 2000ದಲ್ಲಿ ಮತ್ತೆ ತೆರೆಯಲಾಯಿತು. ಅದೇ ವರ್ಷ ಈ ಹೆದ್ದಾರಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು. ಮಿಚೆಲ್ ಪಾಯಿಂಟ್‌ನಲ್ಲಿ ಹೊಸದಾಗಿ ಬಂಡೆ ಕೊರೆದು, ಹಿಂದಿನಂತೆಯೇ ಐದು ಕಿಟಕಿಗಳನ್ನಿಟ್ಟ ಸುರಂಗ 2025ರಲ್ಲಿ ತೆರೆಯಿತು. ಅದರೊಳಗೆ ನಡೆಯುವವರಿಗೆ ಮತ್ತು ಸೈಕಲ್ ಸವಾರರಿಗೆ ಪ್ರವೇಶವಿದೆ, ಕಾರುಗಳಿಗಿಲ್ಲ.