ಕಡಿಮೆ ಕೊಡುವ ಬಳ್ಳಿಯ ಲೆಕ್ಕ



ಕಳೆದ ತಿಂಗಳ ಕೂಟದಲ್ಲಿ ಹಳೆಯ ಗ್ರೆನಾಶ್ ಬಳ್ಳಿಗಳ ಕೆಂಪು ವೈನ್ ವಿಷಯ ಬಂದಾಗ, ಜತ್ತ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಎದ್ದು ಕೇಳಿದರು: "ಎಕರೆಗೆ ಎರಡು ಟನ್ ಸಹ ಕೊಡದ ಬಳ್ಳಿ ಯಾಕ್ರೀ ಇಟ್ಕೋಬೇಕು? ಕಿತ್ತು ಒಗದ್ರ ಆತಲ್ಲ?" ನ್ಯಾಯವಾದ ಪ್ರಶ್ನೆ. ಅಂದು ಸಮಯ ಸಾಲಲಿಲ್ಲ. ಉತ್ತರವನ್ನು ಇಲ್ಲಿ ಕೊಡುತ್ತಿದ್ದೇವೆ. ವೈನ್ ಮುಟ್ಟದ ಸದಸ್ಯರೂ ಓದಬಹುದು. ಇದು ಬಾಟಲಿಗಿಂತ ಹೆಚ್ಚಾಗಿ ಬಳ್ಳಿಯ ಕತೆ.

ಬಳ್ಳಿಯ ಗುಣ

ಗ್ರೆನಾಶ್ ಕಪ್ಪು ದ್ರಾಕ್ಷಿಯ ಒಂದು ತಳಿ. ಮೂಲ ಸ್ಪೇನ್ ದೇಶದ ಅರಗಾನ್ ಸೀಮೆ ಎಂದು ಹೆಚ್ಚಿನವರು ನಂಬುತ್ತಾರೆ. ಅಲ್ಲಿ ಅದರ ಹೆಸರು ಗಾರ್ನಾಚಾ. ಬಿಸಿಲು, ಗಾಳಿ, ನೀರಿನ ಕೊರತೆ ಮೂರನ್ನೂ ತಡೆಯುತ್ತದೆ. ಕಾಂಡ ಗಟ್ಟಿ, ಕೊಂಬೆಗಳು ನೆಟ್ಟಗೆ ಏಳುತ್ತವೆ. ಹಾಗಾಗಿ ಚಪ್ಪರ, ತಂತಿ ಏನೂ ಇಲ್ಲದೆ ಪೊದೆಯಂತೆ ಬೆಳೆಸಬಹುದು.

ಆದರೆ ಅದರ ಸಿಪ್ಪೆ ತೆಳು. ಬಣ್ಣ, ಒಗರು ಕಡಿಮೆ, ಸಕ್ಕರೆ ಹೆಚ್ಚು. ಸಕ್ಕರೆಯೇ ಹುದುಗಿ ಮದ್ಯಸಾರವಾಗುವುದರಿಂದ ಈ ವೈನಿನಲ್ಲಿ ಶೇ. 14-15ರಷ್ಟು ಮದ್ಯಸಾರ ಸುಲಭವಾಗಿ ಬರುತ್ತದೆ. ನೀರು, ಗೊಬ್ಬರ ಕೊಟ್ಟು ಇಳುವರಿ ಎಳೆದರೆ ಬಣ್ಣವೂ ಇಲ್ಲದ, ಪರಿಮಳವೂ ಇಲ್ಲದ, ಬರೀ ಘಾಟಿನ ವೈನ್ ಸಿಗುತ್ತದೆ. ಬೇರೆ ತಳಿಗಳಿಗಿಂತ ಗ್ರೆನಾಶ್‌ಗೆ ಕಡಿಮೆ ಇಳುವರಿ ಹೆಚ್ಚು ಅಗತ್ಯ ಎನ್ನುವುದು ಇದಕ್ಕೇ.

ದಕ್ಷಿಣ ಫ್ರಾನ್ಸಿನ ಶಾತೋನೆಫ್-ದು-ಪಾಪ್ ಸೀಮೆಯಲ್ಲಿ ಗ್ರೆನಾಶ್ ಮುಖ್ಯ ತಳಿ. ಅಲ್ಲಿಯ ಕಾಯಿದೆಯೇ ಮಿತಿ ಹಾಕಿದೆ: ಹೆಕ್ಟೇರಿಗೆ 3,500 ಲೀಟರ್ ವೈನ್. ನಮ್ಮ ಲೆಕ್ಕಕ್ಕೆ ತಂದರೆ ಎಕರೆಗೆ ಸುಮಾರು 2 ಟನ್ ಹಣ್ಣು. ನಮ್ಮ ಥಾಮ್ಸನ್ ಪಡದಲ್ಲಿ 8-10 ಟನ್ ಬಂದರೂ ಸಾಲದು ಅನ್ನುತ್ತೇವೆ! ನಾವು ಕಾಳು ದಪ್ಪವಾಗಲೆಂದು ಗೊನೆಯನ್ನು ಜಿ.ಎ. ದ್ರಾವಣದಲ್ಲಿ ಅದ್ದುತ್ತೇವೆ. ಅಲ್ಲಿ ಕಾಳು ಸಣ್ಣದಿರಬೇಕು. ವೈನಿನ ಬಣ್ಣವೂ ಒಗರೂ, ಪರಿಮಳದ ಬಹುಪಾಲೂ ಸಿಪ್ಪೆಯಲ್ಲಿರುತ್ತವೆ. ಕಾಳು ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಜಾಸ್ತಿ.

ಎಳೆಯ ಬಳ್ಳಿಯಲ್ಲಿ ಇದಕ್ಕಾಗಿ ಗೊನೆ ಕತ್ತರಿಸಿ ಚೆಲ್ಲಬೇಕಾಗುತ್ತದೆ. ಮುದಿ ಬಳ್ಳಿ ತಾನಾಗಿಯೇ ಕಡಿಮೆ ಹಿಡಿಯುತ್ತದೆ. ಬೇರು ಆಳಕ್ಕೆ ಇಳಿದಿರುವುದರಿಂದ ಒಣ ವರ್ಷದಲ್ಲೂ ಗಾಬರಿಯಾಗುವುದಿಲ್ಲ, ಹಣ್ಣು ನಿಧಾನವಾಗಿ ಸಮನಾಗಿ ಮಾಗುತ್ತದೆ. ಆ ಹಣ್ಣನ್ನು ಅತಿಯಾಗಿ ಮಾಗಲು ಬಿಡದೆ ಕೊಯ್ದು, ಮೆದುವಾಗಿ ಹಿಂಡಿ, ಹೊಸ ಮರದ ವಾಸನೆ ಹತ್ತದಂತೆ ಹಳೆಯ ದೊಡ್ಡ ಪೀಪಾಯಿಗಳಲ್ಲಿ ಇಟ್ಟರೆ ತಿಳಿಗೆಂಪಿನ ವೈನ್ ಬರುತ್ತದೆ. ಸ್ಟ್ರಾಬೆರಿ, ಕಿತ್ತಳೆ ಸಿಪ್ಪೆ, ಒಣಗಿದ ಸೊಪ್ಪು, ಮೆಣಸಿನ ಪರಿಮಳ. ಹದವಾದ ತಿಳಿಸಾರಿನ ಹಾಗೆ: ನೋಡಲು ತೆಳು, ರುಚಿ ಮಾತ್ರ ಬಹಳ ಹೊತ್ತು ನಾಲಿಗೆಯಲ್ಲಿ ನಿಲ್ಲುತ್ತದೆ. ಬಲ್ಲವರು ಇದನ್ನು ಸೊಗಸಾದ ವೈನ್ ಎನ್ನುವುದು ಈ ಅರ್ಥದಲ್ಲಿ.

ಕೀಳಲು ಹಣ ಕೊಟ್ಟ ಕಾಲ

ಇಂಥ ಮುದಿ ಬಳ್ಳಿಗಳ ದೊಡ್ಡ ಆಸ್ತಿ ಇರುವುದು ದಕ್ಷಿಣ ಆಸ್ಟ್ರೇಲಿಯಾದಲ್ಲಿ. ಅಲ್ಲಿಯ ಬರೋಸಾ ಕಣಿವೆಗೆ 1842ರಿಂದ ಜರ್ಮನ್ ಭಾಷಿಕ ರೈತರು ಬಂದು ನೆಲೆಸಿದರು. ತಲೆಮಾರುಗಳವರೆಗೆ ಮನೆಯಲ್ಲಿ ತಮ್ಮ ನುಡಿಯನ್ನೇ ಆಡಿದರು. ಆ ಕಣಿವೆಯಲ್ಲಿ 1848ರಲ್ಲಿ ನೆಟ್ಟ ಗ್ರೆನಾಶ್ ಬಳ್ಳಿಗಳು ಇಂದಿಗೂ ಫಲ ಕೊಡುತ್ತಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಬೇರುಕೀಟ ಯುರೋಪಿನ ತೋಟಗಳನ್ನು ನೆಲಸಮ ಮಾಡಿತು. ದಕ್ಷಿಣ ಆಸ್ಟ್ರೇಲಿಯಾಕ್ಕೆ ಅದು ಕಾಲಿಡಲಿಲ್ಲ. ನಾವು ಡಾಗ್‌ರಿಜ್ ಬೇರಿನ ಮೇಲೆ ಕಸಿ ಕಟ್ಟುತ್ತೇವೆ; ಅಲ್ಲಿಯ ಮುದಿ ಬಳ್ಳಿಗಳು ಸ್ವಂತ ಬೇರಿನ ಮೇಲೇ ನಿಂತಿವೆ.

ಕೀಟ ಮಾಡದ ಕೆಲಸವನ್ನು ಮಾರುಕಟ್ಟೆ ಮಾಡಹೊರಟಿತು. ಅಲ್ಲಿಯ ಗ್ರೆನಾಶ್ ಬಹುಕಾಲ ಪೋರ್ಟ್ ಮಾದರಿಯ ಸಿಹಿ, ಖಡಕ್ ವೈನಿಗೆ ಹೋಗುತ್ತಿತ್ತು. ಜನರ ರುಚಿ ಬದಲಾಗಿ ಬಿಳಿ ವೈನಿಗೆ ಬೇಡಿಕೆ ಬಂತು, ಕೆಂಪು ಹಣ್ಣಿನ ಬೆಲೆ ಬಿತ್ತು. 1980ರ ದಶಕದ ನಡುವಿನಲ್ಲಿ ಸರಕಾರವೇ ಬಳ್ಳಿ ಕಿತ್ತ ರೈತರಿಗೆ ಹಣ ಕೊಡುವ ಯೋಜನೆ ತಂದಿತು. ಸಾಲದಲ್ಲಿದ್ದವರು ಕಿತ್ತರು. ಅಜ್ಜ, ಮುತ್ತಜ್ಜ ನೆಟ್ಟ ಬಳ್ಳಿಗಳು ಬೆಂಕಿಗೆ ಹೋದವು.

ಕೆಲವರು ಕೀಳಲಿಲ್ಲ. ಕೆಲವು ವೈನ್ ತಯಾರಕರು ಹಳೆಯ ಹಣ್ಣಿಗೆ ಬೆಲೆ ಕೊಟ್ಟು ಕೊಂಡರು. ಚಾರ್ಲ್ಸ್ ಮೆಲ್ಟನ್ ಎಂಬವರು ಗ್ರೆನಾಶ್ ಮುಖ್ಯವಾಗಿರುವ ವೈನಿಗೆ 'ನೈನ್ ಪೋಪ್ಸ್', ಅಂದರೆ ಒಂಬತ್ತು ಪೋಪರು, ಎಂದು ಹೆಸರಿಟ್ಟರು. ಶಾತೋನೆಫ್ ಹೆಸರಿನಲ್ಲಿರುವ 'ನೆಫ್' ಎಂಬ ಫ್ರೆಂಚ್ ಪದಕ್ಕೆ ಹೊಸದು, ಒಂಬತ್ತು ಎಂಬ ಎರಡೂ ಅರ್ಥವಿದೆ. ಹೆಸರು ಹುಟ್ಟಿದ್ದು ಆ ಎಡವಟ್ಟಿನಿಂದ. 2017ರಲ್ಲಿ ಆಸ್ಟ್ರೇಲಿಯಾದ ಹೆಸರಾಂತ ಜಿಮ್ಮಿ ವಾಟ್ಸನ್ ಪಾರಿತೋಷಕ ಮೊದಲ ಬಾರಿಗೆ ಗ್ರೆನಾಶ್ ವೈನಿಗೆ ಸಂದಿತು. ಅದು ಬರೋಸಾದ್ದೇ.

ವಯಸ್ಸಿಗೂ ಒಂದು ಕಾಲಂ

ಗುಮಾಸ್ತಿಕೆಯಲ್ಲಿ ಆಯುಷ್ಯ ಕಳೆದ ನಮಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ. 2009ರಲ್ಲಿ ಬರೋಸಾದವರು ಹಳೆಯ ಬಳ್ಳಿಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸುವ ಒಪ್ಪಂದ ಮಾಡಿಕೊಂಡರು. 35 ವರ್ಷ ದಾಟಿದ್ದು 'ಹಳೆಯದು', 70 ದಾಟಿದ್ದು 'ಉಳಿದುಬಂದದ್ದು', 100 ದಾಟಿದ್ದು 'ಶತಾಯು', 125 ದಾಟಿದ್ದು 'ಪೂರ್ವಜ'. ವಹಿಯಲ್ಲಿ ಟನ್ನಿಗೆ ಕಾಲಂ ಇದ್ದೇ ಇರುತ್ತದೆ; ಇದರಿಂದ ವಯಸ್ಸಿಗೂ ಒಂದು ಕಾಲಂ ಸಿಕ್ಕಂತಾಯಿತು. ಕಾಲಂ ಇಲ್ಲದ್ದನ್ನು ಯಾವ ಕಚೇರಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಳೆಯದೆಲ್ಲ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ತಳಿ, ನೆಲ, ಮಾಡುವ ಕೈ ಕೆಟ್ಟದ್ದಾದರೆ ನೂರು ವರ್ಷದ ಬಳ್ಳಿಯೂ ಏನೂ ಮಾಡಲಾರದು. ತಿನ್ನುವ ಹಣ್ಣು, ಒಣದ್ರಾಕ್ಷಿಯ ವ್ಯಾಪಾರದಲ್ಲಿ ಇಳುವರಿ ಬಿದ್ದ ಪಡವನ್ನು ಕಿತ್ತು ಹೊಸದು ಹಾಕುವುದು ಸರಿಯಾದ ಲೆಕ್ಕವೇ. ಜತ್ತದ ಸದಸ್ಯರು ತಪ್ಪು ಹೇಳಲಿಲ್ಲ. ಆದರೆ ಬಳ್ಳಿ ಕೀಳಲು ಒಂದು ದಿನ ಸಾಕು. ಅದೇ ಬಳ್ಳಿ ಮತ್ತೆ ಬೇಕೆಂದರೆ ನೂರು ವರ್ಷ ಕಾಯಬೇಕು. ಸರಕಾರದ ಹಣ ಪಡೆದು ಕಿತ್ತವರಿಗೆ ಈ ಲೆಕ್ಕ ಆಮೇಲೆ ತಿಳಿಯಿತು.

ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಕಡೆಯ ಬೆಳೆಗಾರ ಸದಸ್ಯರಲ್ಲಿ ಒಂದು ವಿನಂತಿ: ತಮ್ಮ ಪಡದ ಅತಿ ಹಳೆಯ ಬಳ್ಳಿ ಯಾವುದು, ಯಾರು ನೆಟ್ಟದ್ದು, ಈಗ ಎಷ್ಟು ಕೊಡುತ್ತದೆ ಎಂದು ನಾಲ್ಕು ಸಾಲು ಬರೆದು ಕಳುಹಿಸಿರಿ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ