ಕಿರುತೆರೆಯ ಉಗಿಬಂಡಿ

ಬೆಟ್ಟಗುಡ್ಡಗಳ ನಡುವಣ ಕೊರಟಗೆರೆ ಪಟ್ಟಣಕ್ಕೆ ಬಹುಕಾಲ ರೈಲುಮಾರ್ಗದ ಭಾಗ್ಯ ಒದಗಲಿಲ್ಲ. ಚನ್ನರಾಯನದುರ್ಗ, ಸಿದ್ಧರಬೆಟ್ಟಗಳ ತಪ್ಪಲಿನ ಹಳ್ಳಿಗಳವರು ರೈಲನ್ನು ಹತ್ತಬೇಕಾದರೆ ತುಮಕೂರಿಗೋ ಗೌರಿಬಿದನೂರಿಗೋ ಹೋಗುವುದು ವಾಡಿಕೆ. ಇಂತಹ ಸೀಮೆಗಳಲ್ಲಿ ಬೆಳೆದ ಅನೇಕ ಮಕ್ಕಳು ಉಗಿಬಂಡಿಯನ್ನು ಮೊದಲು ಕಂಡದ್ದು ಹಳಿಯ ಮೇಲಲ್ಲ, ದೂರದರ್ಶನದ ತೆರೆಯ ಮೇಲೆ. ತೆರೆಯ ಮೇಲೆ ಓಡುವ ಆ ಗಾಡಿ ನಿಜವಾದುದೇ? ಅದು ಬಂದು ನಿಲ್ಲುವ ನಿಲ್ದಾಣ ಎಲ್ಲಿಯದು? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿದರೆ ರೈಲ್ವೆಯ ಇತಿಹಾಸ, ಛಾಯಾಗ್ರಹಣದ ಕೌಶಲ ಇವೆರಡೂ ನಮಗೆ ಪರಿಚಯವಾಗುತ್ತವೆ.

ಹಿಂದಿನ ಕಾಲದ ಕಥೆಯನ್ನು ಧಾರಾವಾಹಿಯಾಗಿ ಚಿತ್ರಿಸುವುದು ಸುಲಭವಾದ ಕಾರ್ಯವಲ್ಲ. ಪಾತ್ರಧಾರಿಗಳ ಉಡುಗೆತೊಡುಗೆಗಳನ್ನು ಹೊಲಿಸಬಹುದು. ಮನೆಯೊಂದನ್ನು ಹಳೆಯ ರೀತಿಯಲ್ಲಿ ಅಣಿಗೊಳಿಸಬಹುದು. ಆದರೆ ರೈಲನ್ನು ಹಾಗೆ ಹೊಸದಾಗಿ ನಿರ್ಮಿಸುವುದು ದುಸ್ತರ. ಈಗಿನ ನಿಲ್ದಾಣಗಳಲ್ಲಿ ವಿದ್ಯುತ್ ತಂತಿಗಳು, ಕಾಂಕ್ರೀಟಿನ ಅಡಿಪಟ್ಟಿಗಳು, ಬಣ್ಣದ ದೀಪದ ಸಂಕೇತಗಳು ಕಣ್ಣಿಗೆ ಬೀಳುತ್ತವೆ. 1930ರ ಕಥೆಯಲ್ಲಿ ಇವುಗಳಲ್ಲೊಂದು ಕಾಣಿಸಿಕೊಂಡರೂ ನೋಡುವವರ ನಂಬಿಕೆ ಸಡಿಲುತ್ತದೆ. ಆದುದರಿಂದ ನಿರ್ದೇಶಕರಿಗೆ ಮುಖ್ಯವಾಗಿ ಎರಡು ದಾರಿಗಳಿವೆ: ಹಳೆಯ ರೂಪದಲ್ಲಿಯೇ ಉಳಿದಿರುವ ಮಾರ್ಗವನ್ನು ಹುಡುಕಿಕೊಂಡು ಹೋಗುವುದು ಒಂದು; ಪುಟ್ಟ ಮಾದರಿಯನ್ನು ಮಾಡಿ ಅದನ್ನೇ ನಿಜವೆಂಬಂತೆ ತೋರಿಸುವುದು ಇನ್ನೊಂದು.

ಮೊದಲನೆಯ ದಾರಿಗೆ ನಮ್ಮ ನಾಡಿನಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. ಆರ್.ಕೆ. ನಾರಾಯಣರು ತಮ್ಮ ಕಥೆಗಳಿಗಾಗಿ ಮಾಲ್ಗುಡಿ ಎಂಬ ಊರನ್ನು ಕಲ್ಪಿಸಿದರು. ಅದು ಯಾವ ಭೂಪಟದಲ್ಲಿಯೂ ಇಲ್ಲ. ಅವರ ಮನಸ್ಸಿನಲ್ಲಿ ಈ ಊರು ಮೊದಲು ಮೂಡಿದ್ದು ಒಂದು ಸಣ್ಣ ರೈಲು ನಿಲ್ದಾಣದ ರೂಪದಲ್ಲಿ. ಈ ಕಥೆಗಳನ್ನು ಶಂಕರನಾಗ್ ಅವರು 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಎಂಬ ಧಾರಾವಾಹಿಯಾಗಿ ದೂರದರ್ಶನಕ್ಕೆ ನಿರ್ದೇಶಿಸಿದರು. ಊರಿನ ಬೀದಿ, ಮನೆಗಳ ದೃಶ್ಯಗಳಿಗೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನು ಆರಿಸಿಕೊಳ್ಳಲಾಯಿತು. ಆದರೆ ಆಗುಂಬೆಗೆ ರೈಲಿಲ್ಲ! ಆದುದರಿಂದ ನಿಲ್ದಾಣದ ದೃಶ್ಯಗಳಿಗೆ ಶಿವಮೊಗ್ಗ-ತಾಳಗುಪ್ಪ ಮಾರ್ಗದಲ್ಲಿರುವ ಅರಸಾಳು ಎಂಬ ಪುಟ್ಟ ನಿಲ್ದಾಣವನ್ನು ಬಳಸಲಾಯಿತು. ಬಹು ದೂರದಲ್ಲಿರುವ ಎರಡು ಸ್ಥಳಗಳು ತೆರೆಯ ಮೇಲೆ ಒಂದೇ ಊರಾದವು. ಒಂದು ದೃಶ್ಯದ ಬೆನ್ನಿಗೆ ಇನ್ನೊಂದನ್ನು ಜೋಡಿಸುವ ಸಂಕಲನಕಲೆಯಿಂದ ಇದು ಸಾಧ್ಯವಾಯಿತು.

ಆ ಕಾಲದಲ್ಲಿ ಅರಸಾಳಿನ ಮೂಲಕ ಹಾದುಹೋಗುತ್ತಿದ್ದುದು ಮೀಟರ್‌ಗೇಜ್ ಮಾರ್ಗ. ಎರಡು ಹಳಿಗಳ ನಡುವಣ ಅಂತರಕ್ಕೆ ಗೇಜ್ ಎಂದು ಹೆಸರು. ಮೀಟರ್‌ಗೇಜಿನಲ್ಲಿ ಈ ಅಂತರ 1,000 ಮಿಲಿಮೀಟರ್. ಬ್ರಾಡ್‌ಗೇಜಿನಲ್ಲಿ 1,676 ಮಿಲಿಮೀಟರ್. ಅಂತರ ಬೇರೆಯಾದಲ್ಲಿ ಪ್ರಯಾಣಿಕರು ಗಾಡಿ ಬದಲಿಸಬೇಕು. ಸರಕನ್ನು ಇಳಿಸಿ ಮತ್ತೆ ಏರಿಸಬೇಕು. ಈ ತೊಡಕನ್ನು ನಿವಾರಿಸಲು 1992ರಿಂದ ದೇಶಾದ್ಯಂತ ಏಕರೂಪದ ಗೇಜಿನ ಯೋಜನೆ ಆರಂಭವಾಯಿತು. ತಾಳಗುಪ್ಪದ ಮಾರ್ಗವೂ 2011ರ ವೇಳೆಗೆ ಬ್ರಾಡ್‌ಗೇಜ್ ಆಯಿತು. ಜನರಿಗೆ ಇದರಿಂದ ಅನುಕೂಲವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಳೆಯ ನಿಲ್ದಾಣದ ಕಟ್ಟಡ ಉಪಯೋಗವಿಲ್ಲದೆ ಶಿಥಿಲವಾಗತೊಡಗಿತು.

ಆ ಕಟ್ಟಡವನ್ನು ಉಳಿಸಿದ್ದು ಧಾರಾವಾಹಿಯ ನೆನಪು. ನೈರುತ್ಯ ರೈಲ್ವೆಯು ಅದನ್ನು ದುರಸ್ತಿಗೊಳಿಸಿ, 2020ರಲ್ಲಿ ‘ಮಾಲ್ಗುಡಿ ವಸ್ತುಸಂಗ್ರಹಾಲಯ’ವನ್ನಾಗಿ ರೂಪಿಸಿತು. ಧಾರಾವಾಹಿಯ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಇದರ ವಿನ್ಯಾಸದ ಹೊಣೆಯನ್ನು ಹೊತ್ತರು. ಇಲ್ಲದ ಊರಿನ ಕಥೆಯೊಂದು ಇರುವ ಊರಿನ ಕಟ್ಟಡವನ್ನು ಕಾಪಾಡಿತು. ಇಂತಹ ಸಂಗತಿ ಬೇರೆಡೆಯೂ ನಡೆದಿದೆ. ಇಂಗ್ಲೆಂಡಿನಲ್ಲಿ 1962ರ ಹೊತ್ತಿಗೆ ಮುಚ್ಚಿಹೋಗಿದ್ದ ಕೀಲಿ-ವರ್ತ್ ಕಣಿವೆಯ ಮಾರ್ಗವನ್ನು ಆ ಸೀಮೆಯ ಉತ್ಸಾಹಿಗಳು ಕೊಂಡು 1968ರಲ್ಲಿ ಮತ್ತೆ ತೆರೆದರು. ಅದೇ ವರ್ಷ ಬಿ.ಬಿ.ಸಿ. ಪ್ರಸಾರ ಮಾಡಿದ ‘ದಿ ರೈಲ್ವೆ ಚಿಲ್ಡ್ರನ್’ ಧಾರಾವಾಹಿಯಲ್ಲಿಯೂ, 1970ರ ಅದೇ ಹೆಸರಿನ ಚಲನಚಿತ್ರದಲ್ಲಿಯೂ ಆ ಮಾರ್ಗ ಕಾಣಿಸಿಕೊಂಡಿತು. ಕಥೆಯಿಂದ ಮಾರ್ಗಕ್ಕೆ ಕೀರ್ತಿ, ಮಾರ್ಗದಿಂದ ಕಥೆಗೆ ಸಹಜತೆ ದೊರೆಯಿತು.

ಇನ್ನು ಎರಡನೆಯ ದಾರಿಯಾದ ಮಾದರಿಯ ವಿಷಯ. 1984ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಮಕ್ಕಳ ಧಾರಾವಾಹಿ ‘ಥಾಮಸ್ ದಿ ಟ್ಯಾಂಕ್ ಎಂಜಿನ್ ಅಂಡ್ ಫ್ರೆಂಡ್ಸ್’ ಅನೇಕ ವರ್ಷಗಳ ಕಾಲ ನಿಜವಾಗಿ ಚಲಿಸುವ ಪುಟ್ಟ ಮಾದರಿಗಳಿಂದಲೇ ಚಿತ್ರಿತವಾಯಿತು. ಆ ಬಂಡಿಗಳು ಓಡುತ್ತಿದ್ದ ಹಳಿಗಳ ಅಂತರ ಕೇವಲ 45 ಮಿಲಿಮೀಟರ್. ಅಲ್ಲಿನ ಬಂಡಿಗಳಿಗೆ ಮುಖವಿದೆ, ಮಾತಿದೆ. ಆದುದರಿಂದ ಅವು ಆಟಿಕೆಗಳಂತೆ ಕಂಡರೂ ಕೊರತೆಯಿಲ್ಲ. ಮಾದರಿಯೊಂದು ನಿಜವಾದ ರೈಲಿನಂತೆಯೇ ತೋರಬೇಕಾದರೆ ಮಾತ್ರ ಭೌತಶಾಸ್ತ್ರದ ನಿಯಮವೊಂದನ್ನು ಗಮನಿಸಬೇಕಾಗುತ್ತದೆ.

ಐದು ಮೀಟರ್ ಎತ್ತರದ ಸೇತುವೆಯಿಂದ ಬಿದ್ದ ಕಲ್ಲು ನೆಲವನ್ನು ಮುಟ್ಟಲು ಸುಮಾರು ಒಂದು ಸೆಕೆಂಡು ಬೇಕು. ಅದರ ಇಪ್ಪತ್ತೈದನೆಯ ಒಂದು ಭಾಗದಷ್ಟು ಗಾತ್ರದ ಮಾದರಿಯಲ್ಲಿ ಸೇತುವೆಯ ಎತ್ತರ 20 ಸೆಂಟಿಮೀಟರ್. ಅಲ್ಲಿಂದ ಬಿದ್ದ ಹರಳು ಸುಮಾರು 0.2 ಸೆಕೆಂಡಿನಲ್ಲಿಯೇ ನೆಲವನ್ನು ಸೇರುತ್ತದೆ. ಎತ್ತರ ಇಪ್ಪತ್ತೈದು ಪಾಲು ಕುಗ್ಗಿದರೆ ಕಾಲ ಅದರ ವರ್ಗಮೂಲದಷ್ಟು, ಎಂದರೆ ಐದು ಪಾಲು ಮಾತ್ರ ಕುಗ್ಗುತ್ತದೆ. ಆದುದರಿಂದ ಸೆಕೆಂಡಿಗೆ 25 ಚಿತ್ರಗಳ ಬದಲು 125 ಚಿತ್ರಗಳನ್ನು ತೆಗೆದು, ಎಂದಿನ ವೇಗದಲ್ಲಿ ತೋರಿಸುತ್ತಾರೆ. ಆಗ ಹರಳು ಬಂಡೆಯ ಗಾಂಭೀರ್ಯದಿಂದ ಬೀಳುತ್ತದೆ. ಹಗುರವಾದ ಮಾದರಿಗೆ ಭಾರವಾದ ಬಂಡಿಯ ನಡಿಗೆ ಬರುತ್ತದೆ. ಕ್ಯಾಮರಾವನ್ನು ಹಳಿಯ ಮಟ್ಟಕ್ಕೆ ತಗ್ಗಿಸಿ ಇಟ್ಟರೆ, ನೆಲದ ಮೇಲೆ ನಿಂತ ಮನುಷ್ಯನ ಕಣ್ಣಿಗೆ ಕಾಣುವಂತೆಯೇ ಆ ದೃಶ್ಯ ಕಾಣುತ್ತದೆ.

ಹೀಗೆ ಕಿರುತೆರೆಯು ನಿಜವನ್ನೂ ಕಲ್ಪನೆಯನ್ನೂ ಬೆರೆಸಿ ತೋರಿಸುತ್ತದೆ. ಅದು ಇತಿಹಾಸದ ನೆನಪನ್ನು ಎಚ್ಚರಿಸಬಲ್ಲುದು. ಇತಿಹಾಸದ ಸ್ಥಾನವನ್ನು ತುಂಬಲಾರದು. ಅರಸಾಳಿನ ಸಂಕೇತಗಾರನ ದುಡಿಮೆ, ಹಳಿ ಕಾಯುವವನ ರಾತ್ರಿಯ ನಡಿಗೆ, ಸಂತೆಯ ದಿನ ಗಾಡಿಗೇರುತ್ತಿದ್ದ ಸರಕು ಇವುಗಳ ವಿವರ ಧಾರಾವಾಹಿಯಲ್ಲಿ ಸಿಗುವುದಿಲ್ಲ. ಅದಕ್ಕಾಗಿ ವಸ್ತುಗಳನ್ನೂ ದಾಖಲೆಗಳನ್ನೂ ಜೋಪಾನ ಮಾಡಬೇಕು. 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ ಈ ದಿಸೆಯಲ್ಲಿ ಉಪಯುಕ್ತವಾದ ಸೇವೆಯನ್ನು ಸಲ್ಲಿಸುತ್ತ ಬಂದಿದೆ. ಕಥೆಯ ಕೀರ್ತಿಯನ್ನು ಪಡೆಯದ ಸಣ್ಣ ನಿಲ್ದಾಣಗಳಿಗೂ ಇಂತಹ ರಕ್ಷಣೆ ಅಗತ್ಯ.

ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ರಾಯದುರ್ಗಕ್ಕೆ ಹೊಸ ರೈಲುಮಾರ್ಗವನ್ನು ನಿರ್ಮಿಸುವ ಯೋಜನೆಗೆ 2007-08ರಲ್ಲಿ ಮಂಜೂರಾತಿ ದೊರೆಯಿತು. ಮಾರ್ಗ ಬರುವ ಮುನ್ನ ಆ ಭೂಮಿ ಹೇಗಿತ್ತು, ಯಾರ ಹೊಲಗಳು ಅದಕ್ಕೆ ಸೇರಿದವು, ಯಾರು ಮಣ್ಣು ಹೊತ್ತರು ಎಂಬುದನ್ನು ಈ ಸೀಮೆಯ ವಿದ್ಯಾರ್ಥಿಗಳು ಹಿರಿಯರಿಂದ ಕೇಳಿ ಬರೆದಿಡಬಹುದು; ಚಿತ್ರಗಳನ್ನು ಕೂಡಿಡಬಹುದು. ಐವತ್ತು ವರ್ಷಗಳ ಅನಂತರ ಈ ಸೀಮೆಯ ಕಥೆಯನ್ನು ಚಿತ್ರಿಸಲು ಬರುವವರಿಗೆ ಆ ಬರಹಗಳೇ ಆಧಾರವಾದಾವು.